ಮೋಟ್ರು ಎತ್ತುವ ಮೊದಲೇ ಏನು ಕೆಟ್ಟಿದೆ ಅಂತ ತಿಳಿಯೋಕೆ ಯಾವ ಸೆನ್ಸರ್ ಹಾಕಬೇಕು?

ದ್ರಾಕ್ಷಿ_ತೋಟ
ಎಲ್ಲರಿಗೂ ನಮಸ್ಕಾರ. ಚಿಕ್ಕಬಳ್ಳಾಪುರದ ಹತ್ತಿರ ನಮ್ಮದು ಮೂರು ಎಕರೆ ದ್ರಾಕ್ಷಿ. ಬೋರು 1,100 ಅಡಿ. 15 ಎಚ್‌ಪಿ ಪಂಪನ್ನು 950 ಅಡಿಗೆ ಇಳಿಬಿಟ್ಟಿದ್ದೇವೆ. ಜಿಐ ಪೈಪು, ಒಂದೊಂದು 20 ಅಡಿ. ಮೇಲೆ ಬಂದ ನೀರು 1,200 ಮೀಟರ್ ಲೈನಿನಲ್ಲಿ ಹೋಗಿ ಗುಡ್ಡದ ಮೇಲಿನ ಹೊಂಡಕ್ಕೆ ಬೀಳುತ್ತದೆ. ಹೊಂಡ ಬೋರಿಗಿಂತ ಸುಮಾರು 18 ಮೀಟರ್ ಎತ್ತರದಲ್ಲಿದೆ.

ಕಳೆದ ಒಂದು ವರ್ಷದಲ್ಲಿ ಮೂರು ಸಲ ಮೋಟ್ರು ಎತ್ತಿಸಿದೆವು. ಒಂದು ಸಲ ನಿಜಕ್ಕೂ ಕಾಯಿಲ್ ಸುಟ್ಟಿತ್ತು. ಇನ್ನೊಂದು ಸಲ ಪೈಪು ತೂತಾಗಿತ್ತು. ಮೂರನೇ ಸಲ 47 ಪೈಪು ಬಿಚ್ಚಿ ಮೇಲೆ ತಂದು ನೋಡಿದರೆ ಎಲ್ಲ ಸರಿಯಾಗಿದೆ! ಬೋರಿನಲ್ಲಿ ನೀರೇ ಕೆಳಗೆ ಹೋಗಿತ್ತು. ಎತ್ತುವವರ ಕೂಲಿ, ಎರಡು ದಿನ ನೀರಿಲ್ಲದ ತೋಟ, ಅಪ್ಪನ ಟೆನ್ಷನ್, ಎಲ್ಲ ವ್ಯರ್ಥ.

ಅಂಗಡಿಯವರು ಒಂದು ಕಿಟ್ ಹೇಳುತ್ತಿದ್ದಾರೆ. ಫ್ಲೋ, ಪ್ರೆಷರ್, ಲೆವೆಲ್, ಟೆಂಪರೇಚರ್, ವೈಬ್ರೇಷನ್ ಎಲ್ಲ ಇದೆ, ಮೊಬೈಲಿಗೆ ಬರುತ್ತದೆ. ಅಷ್ಟು ದುಡ್ಡು ನಮ್ಮ ಕೈಲಿ ಆಗಲ್ಲ. ಎರಡೋ ಮೂರೋ ಹಾಕಬಹುದು. ಯಾವುದನ್ನು ಹಾಕಲಿ?

ತುಮಕೂರು_ತೆಂಗು
ನೀರಿಲ್ಲದೆ ಓಡಿದರೆ ಮೋಟ್ರು ನಿಲ್ಲಿಸುವ ಡ್ರೈ ರನ್ ಪ್ರಿವೆಂಟರ್ ಒಂದು ಹಾಕಿ, ಸಾಕು. ಸುಮ್ನೆ ದುಡ್ಡು ಸುರಿಯಬೇಡಿ.

ದ್ರಾಕ್ಷಿ_ತೋಟ
ಅದು ಇದೆ ಅಣ್ಣ. ಟ್ರಿಪ್ ಆಗುತ್ತದೆ, ಯಾಕೆ ಟ್ರಿಪ್ ಆಯ್ತು ಅಂತ ಹೇಳಲ್ಲ. ಮೂರನೇ ಸಲ ಅದು ಟ್ರಿಪ್ ಆಗಿದ್ದಕ್ಕೇ ಎತ್ತಿಸಿದ್ದು.

ಶೋಭಾ_ಇನ್‌ಸ್ಟ್ರುಮೆಂಟ್
ಮೋಟ್ರು ಉಳಿಸುವುದು ಒಂದು ಕೆಲಸ, ಏನು ಕೆಟ್ಟಿದೆ ಅಂತ ಹೇಳುವುದು ಬೇರೆ ಕೆಲಸ. ಪ್ರಿವೆಂಟರ್ ಮೊದಲನೆಯದನ್ನು ಮಾತ್ರ ಮಾಡುತ್ತದೆ. ನಾನು ಹದಿನಾಲ್ಕು ವರ್ಷದಿಂದ ಕಾರ್ಖಾನೆಗಳಲ್ಲಿ ಇನ್‌ಸ್ಟ್ರುಮೆಂಟ್ ಕೆಲಸ ಮಾಡುತ್ತಿದ್ದೇನೆ. ಎಲ್ಲ ಕಡೆ ಇದೇ ಗೊಂದಲ.

ಸೆನ್ಸರ್ ಪಟ್ಟಿಯಿಂದ ಶುರು ಮಾಡಬೇಡಿ. ತೊಂದರೆಗಳ ಪಟ್ಟಿಯಿಂದ ಶುರು ಮಾಡಿ. ನಿಮ್ಮ ಬೋರಿನಲ್ಲಿ ಏನೇನು ಆಗಬಹುದು? ನೀರು ಇಳಿಯಬಹುದು. ಪಂಪಿನ ಶಾಫ್ಟ್ ಅಥವಾ ಕಪ್ಲಿಂಗ್ ಮುರಿಯಬಹುದು. ಬೋರಿನೊಳಗಿನ ಪೈಪು ತೂತಾಗಬಹುದು. ಮೇಲಿನ ಲೈನು ಒಡೆಯಬಹುದು. ವಾಲ್ವ್ ಮುಚ್ಚಿರಬಹುದು. ನೀರು ತಳ್ಳುವ ಚಕ್ರ, ಅಂದರೆ ಇಂಪೆಲ್ಲರ್, ಸವೆದಿರಬಹುದು. ಮರಳು ಸಿಕ್ಕಿ ಜಾಮ್ ಆಗಬಹುದು. ಒಂದು ಫೇಸ್ ಹೋಗಿರಬಹುದು.

ಈಗ ಒಂದು ಹಾಳೆಯಲ್ಲಿ ಇವನ್ನು ಒಂದರ ಕೆಳಗೊಂದು ಬರೆಯಿರಿ. ಪಕ್ಕದಲ್ಲಿ ಒಂದೊಂದು ಸೆನ್ಸರಿಗೆ ಒಂದೊಂದು ಮನೆ ಹಾಕಿ. ಆ ತೊಂದರೆ ಬಂದಾಗ ಆ ಸೆನ್ಸರ್ ಏರುತ್ತದಾ, ಇಳಿಯುತ್ತದಾ, ಹಾಗೇ ಇರುತ್ತದಾ ಅಂತ ತುಂಬಿಸಿ. ಯಾವ ಎರಡು ಸಾಲು ಒಂದೇ ಥರ ಕಾಣುತ್ತವೋ ಅವೆರಡನ್ನು ನೀವು ಮೇಲೆ ನಿಂತು ಬೇರೆ ಮಾಡಲಾರಿರಿ. ಅವನ್ನು ಬೇರೆ ಮಾಡುವ ಸೆನ್ಸರ್‌ಗೆ ಮಾತ್ರ ದುಡ್ಡು ಕೊಡಿ.

ಉದಾಹರಣೆಗೆ ಆಂಪ್ಸ್ ಒಂದೇ ಇದೆ ಅಂದುಕೊಳ್ಳಿ. ನೀರು ಇಳಿದರೂ ಆಂಪ್ಸ್ ಇಳಿಯುತ್ತದೆ, ಶಾಫ್ಟ್ ಮುರಿದರೂ ಇಳಿಯುತ್ತದೆ, ವಾಲ್ವ್ ಮುಚ್ಚಿದ್ದರೂ ಇಳಿಯುತ್ತದೆ. ಮೂರಕ್ಕೂ ಒಂದೇ ಸಾಲು. ಆದರೆ ಒಂದಕ್ಕೆ ಸುಮ್ಮನೆ ಕಾಯಬೇಕು, ಒಂದಕ್ಕೆ ಮೋಟ್ರು ಎತ್ತಬೇಕು, ಇನ್ನೊಂದಕ್ಕೆ ಕೈಯಲ್ಲಿ ವಾಲ್ವ್ ತಿರುಗಿಸಿದರೆ ಮುಗಿಯಿತು.

ಮಂಡ್ಯ_ಕಬ್ಬು
ಎಂಟು ತೊಂದರೆಗೆ ಎಂಟು ಸೆನ್ಸರ್ ಬೇಕಾಗುತ್ತದಲ್ವಾ ಹಾಗಾದರೆ?

ಶೋಭಾ_ಇನ್‌ಸ್ಟ್ರುಮೆಂಟ್
ಬೇಡ. ಒಂದೊಂದು ಸೆನ್ಸರ್ "ಮಾಮೂಲು, ಜಾಸ್ತಿ, ಕಡಿಮೆ" ಅಂತ ಮೂರು ಮಾತು ಹೇಳಿದರೆ ಮೂರು ಸೆನ್ಸರಿಗೆ 27 ಜೋಡಣೆ. ಅದರಲ್ಲಿ ಒಂದು ಎಲ್ಲ ಸರಿ ಇದೆ ಅನ್ನುವುದು. ಉಳಿದ 26 ಎಲ್ಲವೂ ಬರುವುದಿಲ್ಲ, ಪಂಪಿನ ಸ್ವಭಾವ ಬಿಡುವುದಿಲ್ಲ. ಆದರೂ ಎಂಟಕ್ಕೆ ಮೂರು ಸಾಕಾಗುವ ಸಾಧ್ಯತೆ ಜಾಸ್ತಿ.

ಕಾಯಿಲ್_ಮೇಸ್ತ್ರಿ
ನಾನು ರಿವೈಂಡಿಂಗ್ ಅಂಗಡಿ ಇಟ್ಟಿದ್ದೇನೆ. ಮೇಡಂ ಹೇಳಿದ್ದು ಸರಿ, ಆದರೆ ಆಂಪ್ಸ್ ನಂಬಬೇಡಿ. ಕಿಲೋವ್ಯಾಟ್ ನೋಡಿ.

ನೀರಿಲ್ಲದೆ ತಿರುಗಿದಾಗ ಆಂಪ್ಸ್ ನೀವು ಅಂದುಕೊಂಡಷ್ಟು ಇಳಿಯುವುದಿಲ್ಲ. ಇಂಥ 15 ಎಚ್‌ಪಿ ಮೋಟ್ರು ಲೋಡಿನಲ್ಲಿ 24 ಆಂಪ್ಸ್ ತಗೊಂಡರೆ ಖಾಲಿ ತಿರುಗುವಾಗಲೂ 15 ತಗೊಳ್ಳಬಹುದು. ಇಳಿಯುವುದು ಪವರ್ ಫ್ಯಾಕ್ಟರ್, ಅಂದರೆ ಎಳೆದ ಕರೆಂಟಿನಲ್ಲಿ ನಿಜವಾದ ಕೆಲಸಕ್ಕೆ ಹೋಗುವ ಪಾಲು. 415 ವೋಲ್ಟಿನಲ್ಲಿ 24 ಆಂಪ್ಸ್, ಪವರ್ ಫ್ಯಾಕ್ಟರ್ 0.83 ಅಂದರೆ 14 ಕಿಲೋವ್ಯಾಟ್‌ಗೆ ಸ್ವಲ್ಪ ಮೇಲೆ. 15 ಆಂಪ್ಸ್, 0.45 ಅಂದರೆ 5ರ ಒಳಗೆ. ಆಂಪ್ಸ್ ಅರ್ಧಕ್ಕೂ ಇಳಿದಿಲ್ಲ, ಕಿಲೋವ್ಯಾಟ್ ಮೂರನೇ ಒಂದಕ್ಕೆ ಬಂತು. ಯಾವುದನ್ನು ನೋಡುವುದು ಸುಲಭ?

ಇನ್ನೊಂದು. ನಮ್ಮ ಹಳ್ಳಿಗಳಲ್ಲಿ ವೋಲ್ಟೇಜ್ ನಿಲ್ಲುವುದಿಲ್ಲ. ವೋಲ್ಟೇಜ್ ಇಳಿದರೆ ಅದೇ ಕೆಲಸಕ್ಕೆ ಮೋಟ್ರು ಜಾಸ್ತಿ ಆಂಪ್ಸ್ ಎಳೆಯುತ್ತದೆ. ಆಂಪ್ಸ್ ಏರಿದ ತಕ್ಷಣ "ಮರಳು ಸಿಕ್ಕಿದೆ" ಅನ್ನುವವರನ್ನು ನೋಡಿದ್ದೇನೆ. ಟಿಸಿಯಲ್ಲಿ (ಊರಿನ ಟ್ರಾನ್ಸ್‌ಫಾರ್ಮರ್) ಲೋಡ್ ಜಾಸ್ತಿಯಾಗಿತ್ತು ಅಷ್ಟೇ.

ಮೂರು ಸಿಟಿ (ಕೇಬಲ್ ಸುತ್ತ ಕೂತು ಕರೆಂಟ್ ಅಳೆಯುವ ಕಾಯಿಲ್) ಹಾಕಿ ಒಂದು ಡಿಜಿಟಲ್ ಮೀಟರ್ ಕೂರಿಸಿ. ವೋಲ್ಟು, ಮೂರೂ ಫೇಸಿನ ಆಂಪ್ಸ್, ಪವರ್ ಫ್ಯಾಕ್ಟರ್, ಕಿಲೋವ್ಯಾಟ್ ಎಲ್ಲ ಒಂದರಲ್ಲೇ ಬರುತ್ತದೆ. ಫೇಸ್ ಹೋದದ್ದು, ಜಾಮ್ ಆದದ್ದು, ಲೋಡ್ ಇಲ್ಲದ್ದು, ಮೂರೂ ಗೊತ್ತಾಗುತ್ತದೆ. ಒಂದು ಮಾತು ಜೋಪಾನ: ಲೈನ್ ಓಡುವಾಗ ಸಿಟಿಯ ವೈರ್ ಬಿಚ್ಚಬೇಡಿ. ಬಿಚ್ಚಿದ ತುದಿಯಲ್ಲಿ ಅಪಾಯದ ವೋಲ್ಟೇಜ್ ಏಳುತ್ತದೆ.

ದ್ರಾಕ್ಷಿ_ತೋಟ
ಮೇಸ್ತ್ರಿ, ನಮ್ಮ ಕಾಯಿಲ್ ಯಾಕೆ ಸುಟ್ಟಿತು ಅಂತ ಈಗ ಹೇಳೋಕೆ ಆಗುತ್ತದಾ? ಫೋಟೋ ಇದೆ. ಮೂರು ಗುಂಪಿನಲ್ಲಿ ಒಂದು ಮಾತ್ರ ಕಪ್ಪಾಗಿದೆ, ಎರಡು ಚೆನ್ನಾಗಿವೆ.

ಕಾಯಿಲ್_ಮೇಸ್ತ್ರಿ
ನಿಮ್ಮದು ಸ್ಟಾರ್ ಡೆಲ್ಟಾ ಸ್ಟಾರ್ಟರ್ ಅಲ್ವಾ? ಸ್ಟಾರ್, ಡೆಲ್ಟಾ ಅಂದರೆ ಮೂರು ಗುಂಪು ಕಾಯಿಲನ್ನು ಜೋಡಿಸುವ ಎರಡು ಬಗೆ. ಡೆಲ್ಟಾದಲ್ಲಿ ಓಡುವಾಗ ಒಂದು ಫೇಸ್ ಹೋದರೆ ಒಂದು ಗುಂಪು ಸುಡುತ್ತದೆ. ಸ್ಟಾರ್ ಆಗಿದ್ದರೆ ಎರಡು ಸುಡುತ್ತವೆ, ಒಂದು ಉಳಿಯುತ್ತದೆ. ನಿಮ್ಮದು ಫೇಸ್ ಹೋಗಿಯೇ ಸುಟ್ಟಿದ್ದು. ರಿವೈಂಡಿಂಗ್‌ಗೆ ಕೊಟ್ಟಾಗ ಹಳೇ ಕಾಯಿಲ್ ಬಿಚ್ಚುವ ಮೊದಲು ಎಲ್ಲರೂ ಒಮ್ಮೆ ನೋಡಿ. ಕಾರಣ ಸರಿಮಾಡದೆ ಹೊಸ ಕಾಯಿಲ್ ಸುತ್ತಿಸಿ ಏನು ಪ್ರಯೋಜನ?

ಮಂಡ್ಯ_ಕಬ್ಬು
ವೈಬ್ರೇಷನ್ ಸೆನ್ಸರ್ ಬಗ್ಗೆ ಯಾರೂ ಮಾತಾಡಲಿಲ್ಲ. ನಮ್ಮ ಸಕ್ಕರೆ ಕಾರ್ಖಾನೆಯಲ್ಲಿ ಅದೇ ಎಲ್ಲಕ್ಕಿಂತ ಉಪಯೋಗ. ಬೇರಿಂಗ್ ಹೋಗುವುದು ವಾರಗಳ ಮೊದಲೇ ಗೊತ್ತಾಗುತ್ತದೆ.

ಶೋಭಾ_ಇನ್‌ಸ್ಟ್ರುಮೆಂಟ್
ನಿಮ್ಮಲ್ಲಿ ಬೇರಿಂಗ್ ಮನೆಯ ಮೇಲೇ ಕೂರಿಸುತ್ತೀರಿ. ಇವರ ಬೇರಿಂಗ್ 950 ಅಡಿ ಕೆಳಗಿದೆ. ಬೋರಿನ ಬಾಯಿಗೆ ಕೂರಿಸಿದರೆ ಅದಕ್ಕೆ ಏನು ಕೇಳಿಸುತ್ತದೆ?

ಮಂಡ್ಯ_ಕಬ್ಬು
ಪೈಪು ಲೋಹ ತಾನೇ, ನಡುಕ ಮೇಲಕ್ಕೆ ಬರುತ್ತದೆ.

ಶೋಭಾ_ಇನ್‌ಸ್ಟ್ರುಮೆಂಟ್
ದೊಡ್ಡ ನಡುಕ ಬರಬಹುದು. ಬೇರಿಂಗಿನ ಸಣ್ಣ ಗುರುತು ಬರುವುದಿಲ್ಲ. ನಿಮ್ಮ ಕಾರ್ಖಾನೆಯ 6205 ಬೇರಿಂಗ್ ತಗೊಳ್ಳಿ, ಒಂಬತ್ತು ಗುಂಡು ಇರುವಂಥದ್ದು. ಹೊರ ಉಂಗುರದಲ್ಲಿ ಗಾಯವಾದರೆ ಶಾಫ್ಟ್ ಒಂದು ಸುತ್ತು ಬರುವಷ್ಟರಲ್ಲಿ ಸುಮಾರು 3.58 ಸಲ ಬಡಿತ. 2,880 ಆರ್‌ಪಿಎಂ ಅಂದರೆ ಸೆಕೆಂಡಿಗೆ 48 ಸುತ್ತು, ಬಡಿತ 172 ಹರ್ಟ್ಜ್ ಹತ್ತಿರ. ಆ ಸಣ್ಣ ಬಡಿತ 47 ಜಾಯಿಂಟು ದಾಟಿ, ನೀರಿನ ಸದ್ದಿನ ಮಧ್ಯೆ ಮೇಲೆ ಬಂದು ಕಾಣಿಸಬೇಕು. ನಾನು ಅದಕ್ಕೆ ದುಡ್ಡು ಹಾಕಲ್ಲ. ಅದೂ ಅಲ್ಲದೆ ಈ ಸಬ್‌ಮರ್ಸಿಬಲ್‌ಗಳ ಒಳಗೆ ಬಹಳ ಸಲ ಗುಂಡಿನ ಬೇರಿಂಗ್ ಇರುವುದೇ ಇಲ್ಲ, ನೀರಿನಲ್ಲೇ ಜಾರುವ ಬುಷ್ ಇರುತ್ತದೆ.

ಮಂಡ್ಯ_ಕಬ್ಬು
ಬುಷ್ ವಿಷಯ ಒಪ್ಪಿದೆ. ಅದು ನನ್ನ ತಲೆಗೆ ಹೋಗಿರಲಿಲ್ಲ.

ಪವನ್_ನೀರಾವರಿ
ಟೆಂಪರೇಚರ್ ಸೆನ್ಸರ್ ಕಿಟ್‌ನಲ್ಲಿ ಇದೆ ಅಂದಿರಿ. ಅದು ಮೋಟ್ರಿನ ಒಳಗಿನ ಪಿಟಿ100 (ಬಿಸಿಯಾದಂತೆ ಓಮ್ ಏರುವ ಸೆನ್ಸರ್) ಆಗಿದ್ದರೆ ಎಷ್ಟು ವೈರಿನದು ಅಂತ ಕೇಳಿ. 300 ಮೀಟರ್ ಕೆಳಗೆ 1.5 ಚದರ ಮಿಮೀ ತಾಮ್ರದ ಎರಡು ವೈರ್ ಬಿಟ್ಟರೆ ಹೋಗಿ ಬರಲು ಸುಮಾರು 7 ಓಮ್. ಪಿಟಿ100 ಒಂದು ಡಿಗ್ರಿಗೆ ಬದಲಾಗುವುದು 0.385 ಓಮ್. ವೈರಿನಿಂದಲೇ 18–19 ಡಿಗ್ರಿ ಜಾಸ್ತಿ ತೋರಿಸುತ್ತದೆ. ಮೂರು ವೈರ್ ಇದ್ದರೆ ಈ ತಪ್ಪು ಕಳೆಯಬಹುದು. ಮತ್ತೆ, ಬಿಸಿ ಯಾವಾಗಲೂ ತಡವಾಗಿ ಬರುವ ಸುದ್ದಿ. ಯಾಕೆ ಬಿಸಿಯಾಯ್ತು ಅಂತಲೂ ಹೇಳುವುದಿಲ್ಲ.

ನನ್ನ ಮಾತು: ಕಿಲೋವ್ಯಾಟ್ ಮತ್ತು ಪ್ರೆಷರ್. ಫ್ಲೋ ಮೀಟರ್ ಬೇಡ, ಮರಳಿಗೆ ಅದರ ಚಕ್ರ ನಿಂತುಹೋಗುತ್ತದೆ.

ಶೋಭಾ_ಇನ್‌ಸ್ಟ್ರುಮೆಂಟ್
ಪವನ್, ಇಲ್ಲಿ ನಾನು ಒಪ್ಪಲ್ಲ. ಪ್ರೆಷರ್ ಏನು ಹೇಳುತ್ತದೆ ಅನ್ನುವುದು ನೀರು ಎಲ್ಲಿಗೆ ಹೋಗುತ್ತದೆ ಅನ್ನುವುದರ ಮೇಲಿದೆ. ಬೋರಿನ ಪಕ್ಕದ ತೊಟ್ಟಿಗೇ ಬಿಡುವವರಿಗೆ ಮೇಲೆ ಪ್ರೆಷರ್ ಯಾವಾಗಲೂ ಸೊನ್ನೆಯ ಹತ್ತಿರ. ಕೆಟ್ಟರೂ ಅಷ್ಟೇ, ಚೆನ್ನಾಗಿದ್ದರೂ ಅಷ್ಟೇ. ಇವರಿಗೆ ಹೊಂಡ 18 ಮೀಟರ್ ಮೇಲಿದೆ, ಅಂದರೆ 1.8 ಬಾರ್, ಜೊತೆಗೆ ಲೈನಿನ ಉಜ್ಜುವಿಕೆ. ಇವರಲ್ಲಿ ಪ್ರೆಷರ್‌ಗೆ ಅರ್ಥ ಇದೆ. ಆದರೆ ಅದರಲ್ಲಿ ದೊಡ್ಡ ಪಾಲು ಎತ್ತರದ್ದು. ನೀರು ಕಾಲು ಭಾಗ ಕಡಿಮೆಯಾದರೂ ಗೇಜ್ ಸ್ವಲ್ಪವೇ ಇಳಿಯುತ್ತದೆ. ಫ್ಲೋ ನೇರವಾಗಿ ಹೇಳುತ್ತದೆ.

ವಾಲ್ವ್ ಮುಚ್ಚಿರುವುದನ್ನೂ ನೀರು ಇಳಿದಿರುವುದನ್ನೂ ಬೇರೆ ಮಾಡುವುದು ಪ್ರೆಷರ್, ನಿಜ. ಆದರೆ ವಾಲ್ವ್ ಮುಚ್ಚಿದೆಯಾ ಅಂತ ನೋಡಲು ಒಬ್ಬರು ಅಲ್ಲಿಗೆ ನಡೆದು ಹೋದರೆ ಆಯ್ತು. ಅದಕ್ಕೆ ಡಯಲ್ ಗೇಜ್ ಒಂದು ಸಾಕು, ಸೆನ್ಸರ್ ಬೇಡ. ಎತ್ತುವುದಾ ಬೇಡವಾ ಅನ್ನುವ ಪ್ರಶ್ನೆ ಎಲ್ಲಿದೆಯೋ ಅಲ್ಲಿ ದುಡ್ಡು ಹಾಕಿ.

ಪವನ್_ನೀರಾವರಿ
ಡಯಲ್ ಗೇಜ್ ಆದರೂ ಇರಲೇಬೇಕು. ಗೇಟ್ ವಾಲ್ವ್ ಮುಚ್ಚಿ ಪ್ರೆಷರ್ ಎಷ್ಟು ಏರುತ್ತದೆ ನೋಡಿದರೆ ಇಂಪೆಲ್ಲರ್ ಸವೆತ ಗೊತ್ತಾಗುತ್ತದೆ.

ಕಾಯಿಲ್_ಮೇಸ್ತ್ರಿ
ಆ ಪರೀಕ್ಷೆ ಎಲ್ಲರಿಗೂ ಹೇಳಬೇಡಿ ಪವನ್. ಆಳದ ಬೋರಿಗೆ ಹಾಕುವ ಪಂಪಿನಲ್ಲಿ ಸ್ಟೇಜುಗಳು, ಅಂದರೆ ಒಂದರ ಮೇಲೊಂದು ಇಂಪೆಲ್ಲರ್, ಜಾಸ್ತಿ. ನೀರು ಮೇಲಿರುವ ಕಾಲದಲ್ಲಿ ವಾಲ್ವ್ ಮುಚ್ಚಿದರೆ ಮೇಲೆ 10 ಬಾರ್‌ಗಿಂತ ಜಾಸ್ತಿ ಬಂದುಬಿಡಬಹುದು. ಪೈಪು ತಡೆಯುವ ಪ್ರೆಷರ್ ಗೊತ್ತಿಲ್ಲದೆ ಮಾಡಿದರೆ ಜಾಯಿಂಟ್ ಕಿತ್ತು ಮುಖಕ್ಕೆ ಬರುತ್ತದೆ.

ಪವನ್_ನೀರಾವರಿ
ಸರಿ, ಹಿಂದಕ್ಕೆ ತಗೊಂಡೆ. ಗೊತ್ತಿದ್ದವರು ಜೊತೆಗಿದ್ದಾಗ ಮಾತ್ರ ಮಾಡಿ.

ಹಳೇಬೋರು
ಮಕ್ಕಳೇ, ನನಗೆ 68 ವರ್ಷ. ನಮ್ಮ ಕಾಲದಲ್ಲಿ ಸೆನ್ಸರ್ ಅಂತ ಇರಲಿಲ್ಲ, ಆದರೂ ಗೊತ್ತಾಗುತ್ತಿತ್ತು. ಮೋಟ್ರು ಹಾಕಿದ ಮೇಲೆ ನೀರು ಎಷ್ಟು ಹೊತ್ತಿಗೆ ಬಂತು ಅಂತ ನೋಡುತ್ತಿದ್ದೆವು. ಹಾಕಿದ ತಕ್ಷಣ ಬಂದರೆ ಪೈಪಿನಲ್ಲಿ ನೀರು ನಿಂತಿದೆ. ತಡವಾದರೆ ಎಲ್ಲೋ ಸೋರಿ ಇಳಿದಿದೆ. ಬೋರಿನ ಬಾಯಿಗೆ ಕಿವಿ ಕೊಟ್ಟರೆ ಒಳಗೆ ನೀರು ಬೀಳುವ ಸದ್ದೂ ಕೇಳುತ್ತದೆ.

ನೀರಿನ ಮಟ್ಟಕ್ಕೆ ಸಣ್ಣ ಪ್ಲಾಸ್ಟಿಕ್ ಟ್ಯೂಬು ಕಟ್ಟುತ್ತಿದ್ದೆವು. ಪಂಪಿನ ಜೊತೆ ಕೆಳಗೆ ಇಳಿಸಿ, ಮೇಲೆ ಗೇಜ್ ಹಾಕಿ, ಸೈಕಲ್ ಪಂಪಿನಿಂದ ಗಾಳಿ ಹೊಡೆಯುವುದು. ಮುಳ್ಳು ಏರಿ ಏರಿ ಒಂದು ಕಡೆ ನಿಲ್ಲುತ್ತದೆ. ಗೇಜಿನಲ್ಲಿ ನಾಲ್ಕು ಕೆಜಿ ಪ್ರೆಷರ್‌ಗೆ (ಚದರ ಸೆಂಟಿಮೀಟರಿಗೆ) ನಿಂತರೆ ಟ್ಯೂಬಿನ ತುದಿಯ ಮೇಲೆ 40 ಮೀಟರ್ ನೀರಿದೆ ಅಂತ ಲೆಕ್ಕ.

ದ್ರಾಕ್ಷಿ_ತೋಟ
ಅಜ್ಜ, ಇದು ಎಷ್ಟು ಚೆನ್ನಾಗಿದೆ! ಅಂಗಡಿಯವರ ಲೆವೆಲ್ ಸೆನ್ಸರ್‌ಗೆ 300 ಮೀಟರ್ ಕೇಬಲ್ ಬೇಕಂತೆ, ಕೇಬಲ್ ಬೆಲೆಯೇ ಜಾಸ್ತಿ.

ತುಮಕೂರು_ತೆಂಗು
ನಮ್ಮ ಊರಲ್ಲಿ ಒಬ್ಬರು ಲೆವೆಲ್ ಸೆನ್ಸರ್ ಹಾಕಿದ್ದರು. ಮೊದಲ ಮಳೆಯ ಸಿಡಿಲಿಗೆ ಹೋಯ್ತು. ಟ್ಯೂಬಿಗೆ ಸಿಡಿಲಿನ ಭಯ ಇಲ್ಲ.

ಶೋಭಾ_ಇನ್‌ಸ್ಟ್ರುಮೆಂಟ್
ಅಜ್ಜ ಹೇಳಿದ ಎರಡೂ ಬಂಗಾರದಂಥ ಮಾತು. ಒಂದು ಎಚ್ಚರಿಕೆ ಮಾತ್ರ. ಟ್ಯೂಬು ಎಲ್ಲಾದರೂ ಸೋರಿದರೆ ಗೇಜ್ ಕಡಿಮೆ ತೋರಿಸುತ್ತದೆ, ನೀರು ಇಳಿದ ಹಾಗೇ ಕಾಣುತ್ತದೆ. ಸೆನ್ಸರ್ ಕೆಟ್ಟಿದ್ದೂ ಬೋರು ಕೆಟ್ಟಿದ್ದೂ ಒಂದೇ ಸಾಲು! ಅದಕ್ಕೆ ಗಾಳಿ ಹೊಡೆಯುವುದನ್ನು ನಿಲ್ಲಿಸಿ ಐದು ನಿಮಿಷ ಮುಳ್ಳು ನೋಡಿ. ನಿಂತಲ್ಲೇ ನಿಂತರೆ ಟ್ಯೂಬು ಸರಿ ಇದೆ. ಇಳಿಯುತ್ತಾ ಹೋದರೆ ಟ್ಯೂಬೇ ಸೋರುತ್ತಿದೆ.

ನಿಮ್ಮ ಹಾಳೆಯಲ್ಲಿ "ಸೆನ್ಸರ್ ಕೆಟ್ಟಿದೆ" ಅನ್ನುವುದಕ್ಕೂ ಸಾಲು ಬೇಕು. ವೈರಿನ ಸೆನ್ಸರ್ ಕೊಳ್ಳುವವರು 4–20 ಮಿಲಿಆಂಪ್ಸ್ ಇರುವುದನ್ನೇ ಕೇಳಿ. ಅಳತೆ ಸೊನ್ನೆ ಇದ್ದಾಗಲೂ ಅದು 4 ಕಳಿಸುತ್ತದೆ. ಇಲಿ ವೈರ್ ಕಡಿದರೆ 0 ಬರುತ್ತದೆ. ಹಾಗಾಗಿ ನೀರಿಲ್ಲದ್ದೂ ವೈರಿಲ್ಲದ್ದೂ ಬೇರೆ ಬೇರೆ ಕಾಣುತ್ತವೆ.

ಮಂಡ್ಯ_ಕಬ್ಬು
ಬೋಯಿಂಗ್ 737 ಮ್ಯಾಕ್ಸ್ ವಿಮಾನ ಬಿದ್ದದ್ದು ಇದಕ್ಕೇ ಅಲ್ವಾ? ಒಂದೇ ಸೆನ್ಸರ್ ಇತ್ತಂತೆ.

ಟರ್ಬೈನ್_ಶಿಫ್ಟ್
ಸಣ್ಣ ತಿದ್ದುಪಡಿ. ವಿಮಾನದಲ್ಲಿ ಎದುರಿನ ಗಾಳಿಗೆ ರೆಕ್ಕೆ ಎಷ್ಟು ಕೋನದಲ್ಲಿದೆ ಅಂತ ಅಳೆಯುವ ಸೆನ್ಸರ್ ಎರಡು ಇದ್ದವು. ಮೂಗನ್ನು ತಾನೇ ಕೆಳಗೆ ತಳ್ಳುವ ಸಾಫ್ಟ್‌ವೇರ್ ಒಂದು ಸಲಕ್ಕೆ ಒಂದನ್ನು ಮಾತ್ರ ಕೇಳುತ್ತಿತ್ತು. ಎರಡನ್ನೂ ಹೋಲಿಸಿ ನೋಡಿದ್ದರೆ ಒಂದು ತಪ್ಪು ಅಂತಾದರೂ ತಿಳಿಯುತ್ತಿತ್ತು. 2018ರ ಅಕ್ಟೋಬರ್‌ನಲ್ಲಿ ಇಂಡೊನೇಷ್ಯಾ, 2019ರ ಮಾರ್ಚ್‌ನಲ್ಲಿ ಇಥಿಯೋಪಿಯಾ, ಎರಡೂ ಸೇರಿ 346 ಜನ ಹೋದರು. ಎರಡು ಸೆನ್ಸರ್ ಇದ್ದರೆ ಜಗಳ ಇದೆ ಅಂತ ಗೊತ್ತಾಗುತ್ತದೆ. ಯಾವುದು ಸರಿ ಅಂತ ಹೇಳಲು ಮೂರನೆಯದು ಬೇಕು.

ನಾನು ವಿದ್ಯುತ್ ಸ್ಥಾವರದಲ್ಲಿ ಕೆಲಸ ಮಾಡುವವನು. ನಮಗೆ ಟ್ರೈನಿಂಗ್‌ನಲ್ಲಿ ಹೇಳುವುದು ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಅಣು ಸ್ಥಾವರದ ಅಪಘಾತದ ವಿಷಯ. 1979ರ ಮಾರ್ಚ್ 28. ಒಂದು ವಾಲ್ವ್ ತೆರೆದೇ ಸಿಕ್ಕಿಹಾಕಿಕೊಂಡಿತ್ತು. ಆದರೆ ಕಂಟ್ರೋಲ್ ರೂಮಿನ ದೀಪ, ವಾಲ್ವ್ ಮುಚ್ಚಿದೆ ಅನ್ನುವ ಹಾಗೆ, ಆರಿತ್ತು. ಯಾಕೆಂದರೆ ಆ ದೀಪ ಹೇಳುತ್ತಿದ್ದದ್ದು ವಾಲ್ವಿನ ಕಾಯಿಲಿಗೆ ಕರೆಂಟ್ ಇದೆಯೋ ಇಲ್ಲವೋ ಅಂತ ಮಾತ್ರ. ವಾಲ್ವ್ ಮುಚ್ಚಿದೆಯಾ ಅಂತ ಅಲ್ಲ. ಎರಡು ಗಂಟೆಗಿಂತ ಜಾಸ್ತಿ ಹೊತ್ತು ಯಾರಿಗೂ ಗೊತ್ತಾಗಲಿಲ್ಲ. ರಿಯಾಕ್ಟರಿನ ನೀರು ಹೋಗುತ್ತಲೇ ಇತ್ತು.

ಕಾಯಿಲ್_ಮೇಸ್ತ್ರಿ
ನಮ್ಮ ಸ್ಟಾರ್ಟರ್ ದೀಪವೂ ಹಾಗೇ ಸರ್. ಕಾಂಟ್ಯಾಕ್ಟರ್ ಕಾಯಿಲ್‌ಗೆ ಕರೆಂಟ್ ಬಂದರೆ ದೀಪ ಉರಿಯುತ್ತದೆ. ಒಳಗೆ ಪಾಯಿಂಟ್ ಸುಟ್ಟು ಒಂದು ಫೇಸ್ ಹೋಗುತ್ತಿಲ್ಲ ಅಂದರೂ ಉರಿಯುತ್ತದೆ. ಅದಕ್ಕೇ ಸಿಟಿಯನ್ನು ಸ್ಟಾರ್ಟರ್ ಆದ ಮೇಲೆ, ಮೋಟ್ರಿಗೆ ಹೋಗುವ ಕೇಬಲ್‌ಗೆ ಹಾಕಬೇಕು.

ದ್ರಾಕ್ಷಿ_ತೋಟ
ಎಲ್ಲ ಓದಿ ನಾನೂ ಅಪ್ಪನೂ ಕೂತು ಹಾಳೆ ಬರೆದೆವು. ಡಿಜಿಟಲ್ ಮೀಟರ್ ಒಂದು, ಬೋರಿನ ಬಾಯಲ್ಲಿ ಪಲ್ಸ್ ಇರುವ ನೀರಿನ ಮೀಟರ್ ಒಂದು, ಡಯಲ್ ಗೇಜ್ ಒಂದು. ಟ್ಯೂಬು ಮುಂದಿನ ಸಲ ಎತ್ತಿದಾಗ. ಆದರೆ ಒಂದು ಜೋಡಿ ಉಳಿದುಬಿಟ್ಟಿದೆ: ನೀರು ಇಳಿದದ್ದು, ಶಾಫ್ಟ್ ಮುರಿದದ್ದು. ಎರಡಕ್ಕೂ ಕಿಲೋವ್ಯಾಟ್ ಕಡಿಮೆ, ಫ್ಲೋ ಇಲ್ಲ. ಟ್ಯೂಬು ಹಾಕುವ ತನಕ ಏನು ಮಾಡಲಿ?

ಶೋಭಾ_ಇನ್‌ಸ್ಟ್ರುಮೆಂಟ್
ಕಾಯಿರಿ. ಮೂರು ನಾಲ್ಕು ಗಂಟೆ ನಿಲ್ಲಿಸಿ ಮತ್ತೆ ಹಾಕಿ. ನೀರು ಇಳಿದಿದ್ದರೆ ಅಷ್ಟರಲ್ಲಿ ಸ್ವಲ್ಪ ಊರಿರುತ್ತದೆ. ಐದೋ ಹತ್ತೋ ನಿಮಿಷ ನೀರು ಬಂದು, ಆಮೇಲೆ ಕಿಲೋವ್ಯಾಟ್ ಕುಣಿಯುತ್ತಾ ಇಳಿಯುತ್ತದೆ. ಶಾಫ್ಟ್ ಮುರಿದಿದ್ದರೆ ಎಷ್ಟು ಕಾದರೂ ಮೊದಲ ಕ್ಷಣದಿಂದಲೇ ಖಾಲಿ ಓಟ. ನಿಮ್ಮ ಮೂರನೇ ಸಲದ ಖರ್ಚು ಇಷ್ಟರಲ್ಲೇ ಉಳಿಯುತ್ತಿತ್ತು.

ನೀರಿನ ಮೀಟರಿಗೆ ಮೊದಲು ಪೈಪಿನ ಅಗಲದ ಹತ್ತರಷ್ಟು ನೇರ ಪೈಪು ಬಿಡಿ, ಆಮೇಲೆ ಐದರಷ್ಟು. ಮೊಳಕೈ ಬೆಂಡಿನ ಪಕ್ಕದಲ್ಲೇ ಕೂರಿಸಬೇಡಿ. ಎಲ್ಲ ಚೆನ್ನಾಗಿರುವ ದಿನದ ಲೆಕ್ಕ ಗೋಡೆಯ ಮೇಲೆ ಬರೆದಿಡಿ. ಅದಿಲ್ಲದೆ ಯಾವ ಸೆನ್ಸರೂ ಏನೂ ಹೇಳದು.

ದ್ರಾಕ್ಷಿ_ತೋಟ
*(ಎರಡು ತಿಂಗಳ ನಂತರ)*
ಮತ್ತೆ ಬಂದೆ, ಸಹಾಯ ಬೇಕು. ಚೆನ್ನಾಗಿದ್ದಾಗ ನಿಮಿಷಕ್ಕೆ 170 ಲೀಟರ್, ನೀರು ಹಾಕಿದ ತಕ್ಷಣ ಬರುತ್ತಿತ್ತು. ಮೂರು ದಿನದಿಂದ 130 ಲೀಟರ್. ಕಿಲೋವ್ಯಾಟ್ ಇಳಿದಿಲ್ಲ, ಒಂಚೂರು ಏರಿದೆ. ನೀರು ಬರಲು 50 ಸೆಕೆಂಡ್ ಆಗುತ್ತಿದೆ. ಎತ್ತುವವರು "ಇಂಪೆಲ್ಲರ್ ಸವೆದಿದೆ, ಹೊಸ ಪಂಪು ಹಾಕಿ" ಅನ್ನುತ್ತಿದ್ದಾರೆ.

ಶೋಭಾ_ಇನ್‌ಸ್ಟ್ರುಮೆಂಟ್
ಸವೆದಿದ್ದರೆ ಕಿಲೋವ್ಯಾಟ್ ಇಳಿಯಬೇಕಿತ್ತು. ಮೋಟ್ರು ಪೂರ್ತಿ ಕೆಲಸ ಮಾಡುತ್ತಿದೆ, ನೀರು ಮಾತ್ರ ಮೇಲೆ ಬರುತ್ತಿಲ್ಲ. ಪೈಪು ತೂತು. ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ಕೆಳಗಿನ ನಾನ್ ರಿಟರ್ನ್ ವಾಲ್ವ್ ಮಾತ್ರ ಹೋಗಿದ್ದರೆ ತಡವಾಗಿ ಬಂದರೂ ಆಮೇಲೆ 170 ಬರಬೇಕಿತ್ತು.

ಎಲ್ಲಿ ತೂತು ಅಂತಲೂ ಲೆಕ್ಕ ಹಾಕಬಹುದು. ಮೋಟ್ರು ನಿಂತಾಗ ತೂತಿನ ಮೇಲಿನ ನೀರು ಮಾತ್ರ ಸೋರಿಹೋಗುತ್ತದೆ, ಕೆಳಗಿನದು ನಿಂತಿರುತ್ತದೆ. ಆ ಖಾಲಿ ಜಾಗ ತುಂಬಲು 50 ಸೆಕೆಂಡ್. ನಿಮಿಷಕ್ಕೆ 130ರ ಲೆಕ್ಕದಲ್ಲಿ 108 ಲೀಟರ್, 170ರ ಲೆಕ್ಕದಲ್ಲಿ 142. ಪೈಪು ಎರಡು ಇಂಚು ಅಂದರೆ ಮೀಟರಿಗೆ ಸುಮಾರು 2 ಲೀಟರ್. ಹಾಗಾದರೆ 54ರಿಂದ 71 ಮೀಟರ್. 9ನೇ ಪೈಪಿನಿಂದ 12ನೆಯದರ ಒಳಗೆ ನೋಡಿ.

ಹಳೇಬೋರು
ಮೋಟ್ರು ಓಡುವಾಗ ಬೋರಿಗೆ ಕಿವಿ ಕೊಡು ಮಗ.

ದ್ರಾಕ್ಷಿ_ತೋಟ
ಕೊಟ್ಟೆ ಅಜ್ಜ. ಸುರಿಯುವ ಸದ್ದು ಚೆನ್ನಾಗಿ ಕೇಳುತ್ತಿದೆ. ನಾಳೆ ಎತ್ತುತ್ತೇವೆ.

ದ್ರಾಕ್ಷಿ_ತೋಟ
10ನೇ ಪೈಪು. ಸಾಕೆಟ್ಟಿನ ಹತ್ತಿರ ಥ್ರೆಡ್ ತುಕ್ಕು ಹಿಡಿದು ತೂತು. ಹತ್ತೇ ಪೈಪು ಎತ್ತಿ, ಅದೊಂದನ್ನು ಬದಲಾಯಿಸಿ ಮತ್ತೆ ಇಳಿಸಿದೆವು. ಮಧ್ಯಾಹ್ನಕ್ಕೆ ಮುಗಿಯಿತು. ಈಗ 168 ಲೀಟರ್. ಅಪ್ಪ ಹಾಳೆಯನ್ನು ಪಂಪ್ ಮನೆಯ ಗೋಡೆಗೆ ಅಂಟಿಸಿದ್ದಾರೆ.

ಪಂಪು ಪೂರ್ತಿ ಮೇಲೆ ಬರಲಿಲ್ಲ, ಹಾಗಾಗಿ ಟ್ಯೂಬು ಈ ಸಲವೂ ಹಾಕಲಾಗಲಿಲ್ಲ.

ತುಮಕೂರು_ತೆಂಗು
ನಮ್ಮದು ಮುಂದಿನ ವಾರ ಎತ್ತುತ್ತಿದ್ದಾರೆ, ನಾನು ಹಾಕಿಸುತ್ತೇನೆ. ಅಜ್ಜ, ಟ್ಯೂಬನ್ನು ಪೈಪಿಗೆ ಎಷ್ಟು ಅಡಿಗೊಮ್ಮೆ ಕಟ್ಟಬೇಕು? ಇಳಿಸುವಾಗ ಕೇಸಿಂಗಿಗೆ ಉಜ್ಜಿ ತೂತಾಗಲ್ವಾ?

ಹಳೇಬೋರು
ಹತ್ತು ಅಡಿಗೊಂದು ಕಟ್ಟು, ಪ್ರತಿ ಸಾಕೆಟ್ಟಿನ ಮೇಲೆ ಕೆಳಗೆ ತಪ್ಪದೆ ಒಂದೊಂದು. ಸಾಕೆಟ್ ದಾಟುವ ಜಾಗದಲ್ಲಿ ಹಳೇ ಸೈಕಲ್ ಟ್ಯೂಬಿನ ರಬ್ಬರ್ ಸುತ್ತು. ತುದಿಯನ್ನು ಪಂಪಿಗಿಂತ ಹತ್ತು ಅಡಿ ಮೇಲೆಯೇ ನಿಲ್ಲಿಸು. ಇಳಿಸಿದ ದಿನವೇ ಎಷ್ಟು ಅಡಿಗೆ ತುದಿ ಇದೆ ಅಂತ ಬರೆದಿಡು.